ರಟ್ಟಿನ ಬಾಗಿಲು ಹೊತ್ತು ನಡೆದ ಸಂಜೆ

ಆ ವಾರ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅಡಿಲೇಡಿನ ಉತ್ತರಕ್ಕಿರುವ ಸ್ಯಾಲಿಸ್‌ಬರಿಯಲ್ಲಿ, ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ದೂರದಲ್ಲಿ, ನಾವಿಬ್ಬರು ಹೆಂಗಸರು ಒಂದು ಹಳೆಯ ಇಟ್ಟಿಗೆ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ನಾನು ಮೈಸೂರಿನವಳು, ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ತಯಾರಿಸುವ ಎಂಜಿನಿಯರ್, ನಲವತ್ತು ದಾಟಿದವಳು. ಇನ್ನೊಬ್ಬಳು ಹುಬ್ಬಳ್ಳಿಯ ಡಾಕ್ಟರು, ನನಗಿಂತ ಸಾಕಷ್ಟು ಚಿಕ್ಕವಳು, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಪಾಳಿಯ ಮೇಲೆ ಪಾಳಿ ಮಾಡುತ್ತಿದ್ದವಳು. ಅವಳು ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನಾನು ಅವಳನ್ನು ಡಾಕ್ಟ್ರೇ ಅನ್ನುತ್ತಿದ್ದೆ. ಕನ್ನಡ ಸಂಘದ ಒಂದು ಊಟದಲ್ಲಿ ಪರಿಚಯವಾಗಿ, ಇಬ್ಬರಿಗೂ ಬಾಡಿಗೆ ಮನೆ ಬೇಕಾಗಿದ್ದರಿಂದ ಜೊತೆಯಾದವರು ನಾವು. ಅವಳು ಶುಕ್ರವಾರ ರಜೆ ಇದ್ದರೆ ಮಸೀದಿಗೆ ಹೋಗುತ್ತಿದ್ದಳು, ನಾನು ಹಬ್ಬಕ್ಕೊಮ್ಮೆ ದೇವಸ್ಥಾನಕ್ಕೆ ಹೋಗುತ್ತಿದ್ದೆ, ಅಡುಗೆಮನೆಯಲ್ಲಿ ಇಬ್ಬರೂ ಸೇರಿ ಅವಳ ಅಮ್ಮಿ ಕಳಿಸಿದ ಶೇಂಗಾ ಚಟ್ನಿ ಪುಡಿಯನ್ನು ಎಲ್ಲದಕ್ಕೂ ಉದುರಿಸಿಕೊಂಡು ತಿನ್ನುತ್ತಿದ್ದೆವು.

ನನ್ನ ಕೆಲಸದ ಒಪ್ಪಂದ ಕ್ರಿಸ್‌ಮಸ್‌ಗೆ ಮುಗಿಯುವುದಿತ್ತು. ಪರ್ತ್‌ನಲ್ಲಿ ಒಂದು ಕೆಲಸಕ್ಕೆ ಸಂದರ್ಶನ ಕೊಟ್ಟಿದ್ದೆ; ಈ ವಾರದೊಳಗೆ ಹೇಳುತ್ತೇವೆ ಅಂದಿದ್ದರು. ಫೋನನ್ನು ಮೇಜಿನ ಮೇಲಿಟ್ಟರೆ ಕೈಗೆ ತೆಗೆದುಕೊಳ್ಳಬೇಕು ಅನಿಸುತ್ತಿತ್ತು, ಕೈಯಲ್ಲಿದ್ದರೆ ಮೇಜಿನ ಮೇಲಿಡಬೇಕು ಅನಿಸುತ್ತಿತ್ತು. ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆದುಕೊಂಡು ಬರುವುದು, ಅರ್ಧ ಮಡಿಸಿ ಬಿಡುವುದು, ಫ್ರಿಜ್ ತೆಗೆದು ಸುಮ್ಮನೆ ನೋಡುವುದು, ಮುಚ್ಚುವುದು. ಉತ್ತರದ ಮರಳುಗಾಡಿನ ಕಡೆಯಿಂದ ಬೀಸುವ ಬಿಸಿಗಾಳಿ ಆ ವರ್ಷ ಬೇಗ ಶುರುವಾಗಿತ್ತು. ಕಿಟಕಿಯ ಸಂದಿನಲ್ಲಿ ಅದು ದಿನವಿಡೀ ಸಿಳ್ಳೆ ಹಾಕುತ್ತಿತ್ತು.

ಸೋಮವಾರ ಅಂಚೆ ಡಬ್ಬಿಯಲ್ಲಿ ಒಂದು ಚೀಟಿ ಬಿದ್ದಿತ್ತು. ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಇದ್ದರು. ನಾಯಿ ಹಿಡಿದುಕೊಂಡು ಹೋಗುವಾಗ ನಮಗೆ ಕೈ ಬೀಸುತ್ತಿದ್ದವರು. ಶನಿವಾರ ಸಂಜೆ ಮಕ್ಕಳು ಮಿಠಾಯಿ ಕೇಳಿಕೊಂಡು ಮನೆಮನೆ ಸುತ್ತಿ ಮುಗಿಸಿದ ಮೇಲೆ ತಮ್ಮ ಮನೆಯಲ್ಲಿ ದೊಡ್ಡವರಿಗಾಗಿ ಹ್ಯಾಲೋವೀನ್ ಕೂಟ ಇದೆ, ಬೀದಿಯವರೆಲ್ಲ ಬನ್ನಿ ಎಂದು ಬರೆದಿದ್ದರು. ಕೆಳಗೆ ಒಂದು ಷರತ್ತು: ವೇಷ ಕಡ್ಡಾಯ, ಆದರೆ ಅಂಗಡಿಯಿಂದ ಕೊಂಡ ವೇಷಕ್ಕೆ ಗೇಟು ತೆಗೆಯುವುದಿಲ್ಲ, ಮನೆಯಲ್ಲಿ ಬಿದ್ದಿರುವುದರಲ್ಲೇ ಮಾಡಿಕೊಂಡು ಬನ್ನಿ.

ನಾನು ಚೀಟಿಯನ್ನು ರದ್ದಿಗೆ ಹಾಕಿದೆ. ಡಾಕ್ಟರು ಅದನ್ನು ರದ್ದಿಯಿಂದ ಎತ್ತಿ ಫ್ರಿಜ್‌ಗೆ ಅಂಟಿಸಿದಳು.

"ಹೋಗೂಣ್ರಿ ಅಕ್ಕಾ. ಇಡೀ ವರ್ಷ ಈ ಓಣ್ಯಾಗ ಒಬ್ಬರ ಮಾರಿ ಸರೀಗಿ ನೋಡಿಲ್ಲ ನಾವು."

"ನಲವತ್ತು ದಾಟಿದ್ಮೇಲೆ ದೆವ್ವದ ವೇಷ ಹಾಕ್ಕೊಂಡು ಓಡಾಡ್ಲಾ?"

"ಮನ್ಯಾಗ ಹಿಂಗ ಓಡಾಡಾಕತ್ತೀರಲ್ಲ, ಅದಕಿಂತ ಚಲೋ ಅದ. ಕೈಗೆ ಒಂದು ಕೆಲಸ ಹಚ್ಚರಿ."

ನನಗೂ ಈ ಹಬ್ಬಕ್ಕೂ ಅಷ್ಟಕ್ಕಷ್ಟೆ. ಮೊದಲು ಈ ದೇಶಕ್ಕೆ ಬಂದಾಗ ಪರ್ತ್‌ನ ಬೆಂಟ್ಲಿಯಲ್ಲಿ, ವಿಶ್ವವಿದ್ಯಾಲಯದ ಪಕ್ಕ, ನನಗಿಂತ ಎಷ್ಟೋ ಚಿಕ್ಕವರಾದ ವಿದ್ಯಾರ್ಥಿಗಳ ಜೊತೆ ಒಂದೇ ಮನೆಯಲ್ಲಿದ್ದೆ. ಅವರು ಮುಖಕ್ಕೆ ಟೊಮೆಟೊ ಸಾಸ್ ಬಳಿದುಕೊಂಡು ಬಸ್ ಹತ್ತಿ ಪೇಟೆಗೆ ಹೊರಟರೆ ನಾನು ಓದುವುದಿದೆ ಎಂದು ಕೋಣೆಯ ಚಿಲಕ ಹಾಕಿಕೊಂಡಿದ್ದೆ. ಓದಲೇನೂ ಇರಲಿಲ್ಲ. ಆಮೇಲೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿದಾಗ, ಹೊಸ ಆಫೀಸಿನಲ್ಲಿ ಎಲ್ಲರಂತೆ ಇರಬೇಕೆಂದು ಮಾಟಗಾತಿಯ ಕಪ್ಪು ಟೋಪಿಯೊಂದನ್ನು ಕೊಂಡುಕೊಂಡು ಹೋಗಿದ್ದೆ. ಮಧ್ಯಾಹ್ನದ ಗುಡುಗುಮಳೆಗೆ ಅದರ ಬಣ್ಣ ಕರಗಿ ಹಣೆಯಿಂದ ಕುತ್ತಿಗೆಯವರೆಗೆ ಇಳಿದಿತ್ತು. ಮೀಟಿಂಗಿನಲ್ಲಿ ಒಬ್ಬರೂ ಏನೂ ಹೇಳಲಿಲ್ಲ, ಬಾತ್‌ರೂಮಿನ ಕನ್ನಡಿಯಲ್ಲಿ ನಾನೇ ನೋಡಿಕೊಂಡೆ. ಅದಾದ ಮೇಲೆ ಅಕ್ಟೋಬರ್ ಕೊನೆ ಬಂದರೆ ರಜೆ ಹಾಕುತ್ತಿದ್ದೆ.

ಆದರೆ ಕೈಗೆ ಕೆಲಸ ಬೇಕಾಗಿತ್ತು. ಮಂಗಳವಾರ ಹಳೆಯ ಬಿಳಿ ಹಾಸಿಗೆ ಹೊದಿಕೆಗೆ ಎರಡು ತೂತು ಕೊರೆದೆ. ಪಾಳಿ ಮುಗಿಸಿ ಬಂದ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿ, "ಆಪರೇಷನ್ ಥಿಯೇಟರ್‌ದಿಂದ ಎದ್ದು ಓಡಿ ಬಂದ ಪೇಷಂಟ್ ಇದ್ದಂಗ ಕಾಣಸ್ತೀರಿ" ಅಂದಳು. ಬುಧವಾರ ಮುರಿದ ಕೊಡೆಯ ಕಪ್ಪು ಬಟ್ಟೆ ಬಿಡಿಸಿ ತೋಳುಗಳಿಗೆ ಬಾವಲಿಯ ರೆಕ್ಕೆಯಂತೆ ಹೊಲಿಯಲು ಕೂತೆ. ಕೊಡೆಯ ಕಡ್ಡಿ ಪಕ್ಕೆಗೆ ಚುಚ್ಚಿತು. ಕಡ್ಡಿ ತೆಗೆದರೆ ರೆಕ್ಕೆ ಜೋತು ಒದ್ದೆ ಟವೆಲ್‌ನಂತಾಯಿತು. ಅದನ್ನೂ ಮೂಲೆಗೆ ಎಸೆದೆ. ನನ್ನ ಅಸಮಾಧಾನ ವೇಷದ ಮೇಲಿನದಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಅದನ್ನು ವೇಷದ ಮೇಲೆಯೇ ತೀರಿಸಿಕೊಳ್ಳುತ್ತಿದ್ದೆ.

ಬಾಗಿಲಿನ ಯೋಚನೆ ಬಂದದ್ದು ಡಾಕ್ಟರ ಮಾತಿನಿಂದ. ಊಟ ಮಾಡುತ್ತಾ ಅವಳು, "ಇಲ್ಲಿ ಹುಡುಗೂರು ದೆವ್ವಾಗಿ ಬಂದು ಬಾಗಲಾ ಬಡೀತಾವು, ಇವರು ಚಾಕ್ಲೇಟ್ ಕೊಡ್ತಾರ. ನಮ್ಮ ಕಡೆ ದೆವ್ವ ಬಾಗಲಾ ಬಡದ್ರ ನಾಳೆ ಬಾ ಅಂತ ಬರದು ಕಳಸ್ತಿದ್ರು" ಎಂದು ನಕ್ಕಳು.

ನಾನು ತುತ್ತು ಬಿಟ್ಟು ಎದ್ದೆ.

ನಾನು ಶಾಲೆಯಲ್ಲಿದ್ದ ಕಾಲಕ್ಕೆ ಆ ಸುದ್ದಿ ಊರೂರು ಹಬ್ಬಿತ್ತು. ಕತ್ತಲಾದ ಮೇಲೆ ಒಂದು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ. ಬಾಗಿಲ ಮೇಲೆ ನಾಳೆ ಬಾ ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಮೈಸೂರಿನ ನಮ್ಮ ವಠಾರದ ಎಲ್ಲ ಬಾಗಿಲುಗಳ ಮೇಲೂ ಸೀಮೆಸುಣ್ಣದಲ್ಲಿ ಅದೇ ಎರಡು ಮಾತು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಒಂದು ಸಂಜೆ ಕರೆಂಟ್ ಹೋಗಿದ್ದಾಗ ಅವಳು ಕೆಲಸದಿಂದ ಬಂದು ಬಾಗಿಲು ತಟ್ಟಿದಳು. ಒಳಗೆ ನಾನು ಮತ್ತು ನನ್ನ ಸೋದರತ್ತೆ.

"ಯಾರು?" ಅಂದಳು ಅತ್ತೆ, ಅಗುಳಿಯ ಮೇಲೆ ಕೈಯಿಟ್ಟುಕೊಂಡು.

"ನಾನೇ ಕಣೇ, ತೆಗಿ."

"ನಾನು ಅಂದ್ರೆ ಯಾರು? ಬೆಳಗ್ಗೆ ಹುಳಿಗೆ ಏನ್ ಹಾಕಿದ್ದೆ ಹೇಳು ನೋಡೋಣ?"

"ಬದನೆಕಾಯಿ ಹಾಕಿದ್ದೆ! ತೆಗೀತೀಯೋ ಇಲ್ವೋ? ಕಾಲು ಬಿದ್ದುಹೋಗ್ತಿದೆ ನಂಗೆ!"

ದೆವ್ವಕ್ಕೆ ಇಷ್ಟು ಸಿಟ್ಟು ಬರಲಾರದು ಎಂದು ಖಾತ್ರಿಯಾದ ಮೇಲೆ ಅತ್ತೆ ಬಾಗಿಲು ತೆಗೆದಳು.

ಗುರುವಾರ ಆಫೀಸಿನಿಂದ ಬರುವಾಗ ಫ್ರಿಜ್, ವಾಷಿಂಗ್ ಮಷಿನ್ ಮಾರುವ ಅಂಗಡಿಯ ಹಿಂಬಾಗಿಲಿಗೆ ಹೋಗಿ ಖಾಲಿ ಡಬ್ಬ ಕೇಳಿದೆ. ಅಲ್ಲಿದ್ದವನು ನನಗಿಂತ ಎತ್ತರದ ಫ್ರಿಜ್ ಡಬ್ಬವೊಂದನ್ನು ಚಪ್ಪಟೆ ಮಾಡಿ ಕೊಟ್ಟ. ಅದನ್ನು ತಲೆಯ ಮೇಲೆ ಹೊತ್ತು ನಡೆದೆ. ಗಾಳಿ ಅದನ್ನು ಹಾಯಿಯಂತೆ ಹಿಡಿದು ತಿರುಗಿಸಿತು. ಪೆಟ್ರೋಲ್ ಬಂಕ್ ಮುಂದೆ ನಾನು ಡಬ್ಬದ ಸಮೇತ ರಸ್ತೆಗೆ ಹೋಗಿಬಿಡುತ್ತಿದ್ದೆನೋ ಏನೋ, ಪೆಟ್ರೋಲ್ ಹಾಕಿಸುತ್ತಿದ್ದ ಒಬ್ಬ ಹೆಂಗಸು ಓಡಿ ಬಂದು ಇನ್ನೊಂದು ತುದಿ ಹಿಡಿದುಕೊಂಡಳು. "ಮನೆ ಬದಲಾಯಿಸ್ತಿದೀರಾ?" ಎಂದು ಕೇಳಿದಳು. "ಇಲ್ಲ, ವೇಷಕ್ಕೆ" ಅಂದೆ.

ಶುಕ್ರವಾರ ಮನೆಯಿಂದಲೇ ಕೆಲಸವಿತ್ತು. ಮಧ್ಯಾಹ್ನ ಲ್ಯಾಪ್‌ಟಾಪ್ ಮುಚ್ಚಿ, ಮೈದಾ ಹಿಟ್ಟಿಗೆ ನೀರು ಹಾಕಿ ಒಲೆಯ ಮೇಲಿಟ್ಟು ಅಂಟು ಕಾಯಿಸತೊಡಗಿದೆ. ಗೋಡೆಗೆ ಪೋಸ್ಟರ್ ಹಚ್ಚುವವರು ಬಳಸುವ ಅಂಟು ಅದು. ಕೈ ಬಿಡದೆ ತಿರುವಬೇಕು. ಸರಿಯಾಗಿ ಗಟ್ಟಿಯಾಗುವ ಹೊತ್ತಿಗೆ ಫೋನ್ ಬಂತು. ಪರ್ತ್‌ನಿಂದ. ಕೆಲಸ ನಿಮ್ಮದು, ಜನವರಿಯಲ್ಲಿ ಬರಲು ಆಗುತ್ತದೆಯೇ ಎಂದು ಕೇಳಿದರು. ಒಂದು ಕೈಯಲ್ಲಿ ಸೌಟು ತಿರುವುತ್ತಲೇ ಆಗುತ್ತದೆ ಅಂದೆ. ಊರ ಹೊರಗಿನ ಎಲೆನ್‌ಬ್ರೂಕ್ ಕಡೆ ಹೊಸ ಮನೆಗಳು ಸಿಗುತ್ತವೆ, ಅಲ್ಲಿ ನಮ್ಮ ಕಂಪನಿಯವರು ಬಹಳ ಜನ ಇದ್ದಾರೆ ಎಂದೂ ಹೇಳಿದರು. ಫೋನಿಟ್ಟ ಮೇಲೆ ನೋಡಿದರೆ ಅಂಟು ತಳ ಹಿಡಿದಿತ್ತು.

ಕಾಯುವುದು ಮುಗಿದರೆ ಜೀವ ನೆಮ್ಮದಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಹಿತ್ತಲಲ್ಲಿ ಡಾಕ್ಟರು ಹಿಂದಿನ ಭಾನುವಾರವಷ್ಟೇ ಟೊಮೆಟೊ ಸಸಿ ನೆಟ್ಟಿದ್ದಳು. ಮನೆಯ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಬರೆಸೋಣ ಎಂದು ಹೇಳುತ್ತಲೇ ಇದ್ದಳು. ಅವಳು ಸಂಜೆ ಬಂದಾಗ ಹೇಳಬೇಕೆಂದು ಬಾಯಿ ತೆರೆದೆ. "ಅಂಟು ತಳ ಹಿಡೀತು" ಅಂದೆ.

"ಪಾತೇಲಿ ನಾ ತಿಕ್ಕತೀನಿ ಬಿಡ್ರಿ. ನೀವು ಬಾಗಲಾ ಮಾಡ್ರಿ."

ಮಾಡಿದೆ. ಕೈ ನಿಲ್ಲಿಸಿದರೆ ಮಾತು ಬಂದುಬಿಡುತ್ತದೆ ಎಂಬ ಭಯದಲ್ಲಿ ಮಾಡಿದೆ. ಡಬ್ಬದ ಅಗಲದ ಎರಡು ಮಗ್ಗುಲುಗಳನ್ನು ಹಿಂದೆ ಮುಂದೆ ಬರುವಂತೆ ಇಟ್ಟುಕೊಂಡು, ಹಳೆಯ ದುಪಟ್ಟಾ ಸೀಳಿ ಹೆಗಲ ಪಟ್ಟಿ ಕಟ್ಟಿದೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಉದ್ದುದ್ದಕ್ಕೆ ಹರಿದು ಅಂಟಿನಲ್ಲಿ ಅದ್ದಿ, ಹಲಗೆಯ ಏಣುಗಳು ಮೂಡುವಂತೆ ಹಚ್ಚಿದೆ. ಬಣ್ಣಕ್ಕೆ ಕಾಫಿ ಡಿಕಾಕ್ಷನ್. ಮೂರು ಸಲ ಬಳಿದು ಒಣಗಿಸಿದರೆ ನಿಜವಾದ ತೇಗದಂತೆ ಕಂದಾಯಿತು, ಮನೆಯೆಲ್ಲ ಹೋಟೆಲಿನ ವಾಸನೆ. ಮುಖದ ನೇರಕ್ಕೆ ಸಣ್ಣ ಕಿಂಡಿ ಕೊರೆದು ಓರೆ ಕಡ್ಡಿಗಳ ಜಾಲರಿ ಮಾಡಿದೆ. ಹಿಡಿಗೆ ಏನೂ ಸಿಗದೆ ಅಂಟು ತಿರುವಿದ ಸ್ಟೀಲಿನ ಸೌಟನ್ನೇ ತೊಳೆದು, ರಟ್ಟಿಗೆ ಎರಡು ಕಡೆ ತೂತು ಮಾಡಿ ತಂತಿಯಲ್ಲಿ ಬಿಗಿದೆ. ಮಾವಿನೆಲೆಯ ತೋರಣದ ಬದಲು ರಸ್ತೆಬದಿಯ ನೀಲಗಿರಿ ಎಲೆ. ಕಾಸು ಖರ್ಚಾದದ್ದು ಸೀಮೆಸುಣ್ಣಕ್ಕೆ ಮಾತ್ರ. ಕೊನೆಗೆ ಅದರಿಂದ ನಾಳೆ ಬಾ ಎಂದು ಬರೆದೆ. ಕೈಯಲ್ಲಿ ಕನ್ನಡ ಬರೆದು ಎಷ್ಟು ಕಾಲವಾಗಿತ್ತೆಂದರೆ ಳೆ ಬರೆಯುವಾಗ ಸುರುಳಿ ಯಾವ ಕಡೆಯಿಂದ ಶುರು ಮಾಡಬೇಕು ಎಂದು ಒಂದು ಗಳಿಗೆ ನಿಂತೆ.

ಶನಿವಾರ ಸಂಜೆ ಹಾಕಿಕೊಂಡು ನೋಡಿದರೆ ಕೂರಲು ಬರುವುದಿಲ್ಲ, ಕಾರಿಗೆ ಹತ್ತಲು ಬರುವುದಿಲ್ಲ, ಮೆಟ್ಟಿಲಿಳಿಯುವಾಗ ಮೊಣಕಾಲು ರಟ್ಟಿಗೆ ಬಡಿಯುತ್ತದೆ. ಡಾಕ್ಟರು ಕೆಳಗಿನ ಅಂಚನ್ನು ಮೊಣಕಾಲಿನವರೆಗೆ ಕತ್ತರಿಸಿಕೊಟ್ಟಳು. ತಾನು ನನ್ನ ಬಿಳಿ ಹೊದಿಕೆಯನ್ನೇ ಎತ್ತಿ ಹೊದ್ದುಕೊಂಡಳು. "ಬಾಗಲಾ ಮುಂದ, ದೆವ್ವ ಹಿಂದ. ನಡೀರಿ" ಅಂದಳು.

ಹೊತ್ತು ಇನ್ನೂ ಮುಳುಗಿರಲಿಲ್ಲ. ಬೀದಿಯ ತುಂಬ ಮಕ್ಕಳು, ಜೊತೆಗೆ ಬುಟ್ಟಿ ಹಿಡಿದ ಅಪ್ಪ ಅಮ್ಮಂದಿರು. ಅಸ್ಥಿಪಂಜರ, ಕುಂಬಳಕಾಯಿ, ರಕ್ತ ಬಳಿದುಕೊಂಡ ನರ್ಸ್. ನನ್ನನ್ನು ಕಂಡ ಮಕ್ಕಳು ನೇರ ಬಂದು ಬಾಗಿಲು ತಟ್ಟತೊಡಗಿದರು. ಜಾಲರಿಯ ಸಂದಿನಿಂದ ನಾನು ಪೆಪ್ಪರ್‌ಮಿಂಟು ಕೊಡುತ್ತಿದ್ದೆ. ಒಬ್ಬ ಅಪ್ಪ ಏನು ಬರೆದಿದೆ ಎಂದು ಕೇಳಿ, ಅರ್ಥ ಹೇಳಿದಾಗ, "ನಮ್ಮ ಪ್ಲಂಬರ್ ಹೇಳೋದೂ ಇದನ್ನೇ" ಎಂದು ನಕ್ಕ. ನಗುವಿನಲ್ಲಿ ಸ್ವಲ್ಪ ಹಗುರಾಯಿತು. ಹೀಗೇ ನಡೆಯುತ್ತಾ ಹೇಳಿಬಿಡಬೇಕು, ಮುಖ ಕಾಣದ್ದರಿಂದ ಸುಲಭ ಎಂದು ಯೋಚಿಸುತ್ತಿದ್ದೆ.

ಆಗ ಮತ್ತೆ ಬಾಗಿಲು ತಟ್ಟಿದ ಸದ್ದು. ಮಕ್ಕಳದಲ್ಲ, ಮೆಲ್ಲಗೆ, ಬೆರಳ ಗಂಟಿನಿಂದ.

ಜಾಲರಿಯಲ್ಲಿ ನೋಡಿದೆ. ಉದ್ದ ನೈಟಿ ತೊಟ್ಟ, ಬಿಳಿ ಕೂದಲು ಬಿಚ್ಚಿದ ಒಬ್ಬ ಮುದುಕಿ. ಪಕ್ಕದಲ್ಲಿ ಹಾದುಹೋದ ಇಬ್ಬರು ಹುಡುಗಿಯರು ಅವರಿಗೆ ಹೆಬ್ಬೆರಳು ತೋರಿಸಿ, ವೇಷ ಸೂಪರ್ ಎಂದು ಕೂಗಿ ಮುಂದೆ ಹೋದರು. ನಾನೂ ಹಾಗೆಯೇ ಅಂದುಕೊಂಡು ಪೆಪ್ಪರ್‌ಮಿಂಟು ಚಾಚಿದೆ. ಅವರು ಅದನ್ನು ನೋಡಲೇ ಇಲ್ಲ.

"ನಾನು ಕಣೋ" ಎಂಬಂತೆ, ಒಳಗಿರುವ ಯಾರಿಗೋ, ಇಂಗ್ಲಿಷಿನಲ್ಲಿ ಹೇಳಿದರು. "ಬಾಗಿಲು ತೆಗಿ. ಕೀ ಮರೆತುಬಿಟ್ಟೆ."

ಅವರ ಕೈ ಸೌಟಿನ ಹಿಡಿಯನ್ನು ಹಿಡಿದಿತ್ತು. ಹಿಂದಿದ್ದ ಡಾಕ್ಟರ ದನಿ ಬದಲಾಗಿದ್ದು ಆಗಲೇ.

"ಅಕ್ಕಾ, ಇದು ವೇಷ ಅಲ್ಲ. ಕಾಲ ನೋಡ್ರಿ."

ಬಗ್ಗಲು ಬರದ ನನಗೆ ಕಾಲು ಕಾಣಿಸಲಿಲ್ಲ. ಅವಳು ಹೇಳಿದಳು: ಒಂದು ಕಾಲಿನಲ್ಲಿ ಮನೆಯೊಳಗಿನ ಚಪ್ಪಲಿ, ಇನ್ನೊಂದು ಬರಿಗಾಲು, ಹಿಮ್ಮಡಿಯಲ್ಲಿ ರಕ್ತ. ಅದು ಬಣ್ಣವಲ್ಲ. ಆಮೇಲೆ ತಿಳಿಯಿತು, ಅವರು ಆ ಬೀದಿಯಲ್ಲಿ ಬಹಳ ಹೊತ್ತಿನಿಂದ ಓಡಾಡುತ್ತಿದ್ದರು. ಬೇರೆ ಯಾವ ದಿನವಾದರೂ ಮೊದಲು ಕಂಡವರೇ ನಿಲ್ಲಿಸಿ ವಿಚಾರಿಸುತ್ತಿದ್ದರು. ಅವತ್ತು ಎಲ್ಲರೂ ಮೆಚ್ಚಿಕೊಂಡು ಮುಂದೆ ಹೋಗಿದ್ದರು.

ಡಾಕ್ಟರು ಹತ್ತಿರ ಬಂದಳು. ಅವಳ ಹೊದಿಕೆ ಕಂಡು ಮುದುಕಿ ಚೀರಿ ನನ್ನ ಬಾಗಿಲಿಗೆ ಒತ್ತಿಕೊಂಡರು. ಅವಳು ತಕ್ಷಣ ಹೊದಿಕೆ ಕಿತ್ತು ಬೇಲಿಯ ಮೇಲೆ ಎಸೆದು, ಎರಡು ಕೈಯನ್ನೂ ಕಾಣುವಂತೆ ಹಿಡಿದು, ತಾನು ಡಾಕ್ಟರು, ಏನೂ ಭಯವಿಲ್ಲ ಎಂದು ನಿಧಾನವಾಗಿ ಹೇಳಿದಳು. ಮನೆ ಎಲ್ಲಿ ಎಂದು ಕೇಳಿದಳು.

"ಇದೇ" ಎಂದರು ಅವರು, ರಟ್ಟನ್ನು ಸವರುತ್ತಾ. "ಆದರೆ ಇವತ್ತು ಎಲ್ಲೋ ಸರಿದುಬಿಟ್ಟಿದೆ. ನಿಂಬೆ ಮರದ ಪಕ್ಕ ಇರಬೇಕಿತ್ತು."

ಆ ಭಾಗದಲ್ಲಿ ನಿಂಬೆ ಮರ ಇಲ್ಲದ ಮನೆಯೇ ಕಡಿಮೆ. ಡಾಕ್ಟರು ಪೊಲೀಸರಿಗೆ ಫೋನ್ ಮಾಡಿ ನಾವಿರುವ ಜಾಗ ಹೇಳಿದಳು. ಅವರು ಬರುವವರೆಗೆ ಅಲ್ಲೇ ಕೂರಿಸೋಣವೆಂದರೆ ಮುದುಕಿ ಕೂರಲು ಒಪ್ಪಲಿಲ್ಲ. ನಡೆಯಬೇಕು, ಕತ್ತಲಾಗುತ್ತದೆ, ಅವನು ಕಾಯುತ್ತಾನೆ ಎಂದು ಅದನ್ನೇ ಹೇಳುತ್ತಾ ಹಿಡಿ ಜಗ್ಗುತ್ತಿದ್ದರು. ವೇಷ ಕಳಚಿ ಕೆಳಗಿಡಲು ನೋಡಿದೆ. ಅವರು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

"ತೆಗೀಬ್ಯಾಡ್ರಿ ಅಕ್ಕಾ. ಹಂಗ ನಡೀರಿ. ಅದನ್ನ ಹಿಡಕೊಂಡಷ್ಟು ಹೊತ್ತು ಸಮಾಧಾನ ಇರ್ತಾರ."

ಹಾಗೆ ಹೊರಟೆವು. ಅವರು ಸೌಟು ಹಿಡಿದು ಪಕ್ಕಕ್ಕೆ, ಡಾಕ್ಟರು ಅವರ ಇನ್ನೊಂದು ತೋಳು ಹಿಡಿದು, ನಾನು ಒಳಗೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ. ಬಿಸಿಗಾಳಿಗೆ ರಟ್ಟು ಪಟಪಟ ಅನ್ನುತ್ತಿತ್ತು. ಎದುರಾದವರೆಲ್ಲ ನಮ್ಮನ್ನು ನೋಡಿ ಕೈತಟ್ಟಿದರು. ಒಬ್ಬ ಫೋಟೋ ತೆಗೆದ. ನಿಲ್ಲಿಸಿ, ಇವರು ಯಾರ ಮನೆಯವರು ಗೊತ್ತೇ ಎಂದು ಡಾಕ್ಟರು ಕೇಳಿದರೆ ಅದೂ ಆಟದ ಭಾಗ ಎಂದುಕೊಂಡು ನಕ್ಕರು. ಒಳಗೆ ನನಗೆ ಬೆವರು, ಸಿಟ್ಟು, ಅಳು ಎಲ್ಲ ಒಟ್ಟಿಗೆ ಬರುತ್ತಿದ್ದವು. ವಾರವಿಡೀ ಹೋಗಲು ದಾರಿ ಕಾಣದಿದ್ದ ಚಡಪಡಿಕೆ ಆಗ ಕಾಲಿಗಿಳಿದಿತ್ತು.

ಮುದುಕಿ ಒಮ್ಮೆ ನಿಂತರು. ಬೆರಳಿನಿಂದ ಸೀಮೆಸುಣ್ಣದ ಅಕ್ಷರಗಳ ಮೇಲೆ ಎಳೆಯುತ್ತಾ, "ಇದನ್ನು ಯಾರು ಬರೆದರು? ಏನು ಇದು?" ಎಂದು ಕೇಳಿದರು.

"ಒಳಗೆ ಬನ್ನಿ ಅಂತ" ಅಂದೆ, ಜಾಲರಿಯೊಳಗಿಂದ.

"ಒಳ್ಳೆಯದು" ಎಂದು ಮತ್ತೆ ನಡೆದರು.

ತಿರುವಿನಲ್ಲಿ ಕುಂಬಳಕಾಯಿ ವೇಷದ ಒಬ್ಬ ತಾಯಿ ತನ್ನ ಮಕ್ಕಳ ಜೊತೆ ನಿಂತಿದ್ದಳು. ಅವಳು ಮಾತ್ರ ನಗಲಿಲ್ಲ. ನೈಟಿಯನ್ನೂ ಕಾಲನ್ನೂ ನೋಡಿ ಬಾಯಿಗೆ ಕೈ ಹಚ್ಚಿಕೊಂಡಳು. "ಅಯ್ಯೋ, ಹಿಂದಿನ ಬೀದಿಯ ಮೂಲೆ ಮನೆಯವರು. ಆಗಲೇ ನೋಡಿದೆ ನಾನು, ವೇಷ ಅಂದುಕೊಂಡೆ" ಎಂದು ದಾರಿ ತೋರಿಸುತ್ತಾ ನಮ್ಮ ಮುಂದೆ ಓಡಿದಳು.

ಮೂಲೆಯ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ನಿಂಬೆ ಮರವಿತ್ತು. ಮೆಟ್ಟಿಲ ಮೇಲೆ ಮಿಠಾಯಿ ಬೋಗುಣಿ. ಬೀದಿಯ ಆ ತುದಿಯಿಂದ ಒಬ್ಬ ಮುದುಕ ಹೆಸರು ಹಿಡಿದು ಕೂಗುತ್ತಾ, ಎಡವುತ್ತಾ ಬರುತ್ತಿದ್ದರು. ಹೆಂಡತಿಯನ್ನು ಕಂಡೊಡನೆ ಅವರ ಕೂಗು ನಿಂತಿತು, ಕಾಲೂ ನಿಂತಿತು. ಅಂಗಳದ ಗೋಡೆ ಹಿಡಿದು ಹಾಗೇ ಕುಸಿದು ಕುಳಿತರು.

"ಮಕ್ಕಳು ಬರ್ತಾರೆ ಅಂತ ಬಾಗಿಲು ತೆರೆದಿಟ್ಟಿದ್ದೆ. ಬೋಗುಣಿ ತುಂಬಿಸೋಕೆ ಅಂತ ಒಳಗೆ ಹೋದೆ, ಅಷ್ಟೆ" ಎಂದು ನಮಗೆಲ್ಲ ಸೇರಿಸಿ ಹೇಳಿದರು. ಎರಡು ಸಲ ಹೇಳಿದರು. ಡಾಕ್ಟರು ಅವರ ಪಕ್ಕ ಕೂತು ನಾಡಿ ಹಿಡಿದಳು.

ಅಷ್ಟಾದರೂ ಮುದುಕಿ ಒಳಗೆ ಹೋಗಲೊಪ್ಪಲಿಲ್ಲ. ತೆರೆದ ನಿಜವಾದ ಬಾಗಿಲ ಕಡೆಗೆ ಅವರು ನೋಡಲಿಲ್ಲ. ಗಂಡ ಬಂದು ಕರೆದರೆ, ಯಾರೋ ಹೊರಗಿನವನಿಗೆ ಹೇಳುವಂತೆ, "ಕೀ ಇಲ್ಲ ನನ್ನ ಹತ್ತಿರ" ಅಂದರು. ನನ್ನ ಹಿಡಿಯನ್ನು ಬಿಡಲಿಲ್ಲ. ನನ್ನ ಬಾಗಿಲು ತೆರೆಯುವಂಥದ್ದಾಗಿರಲಿಲ್ಲ, ಚಿತ್ರಿಸಿದ್ದಷ್ಟೆ.

"ಡಾಕ್ಟ್ರೇ" ಅಂದೆ, "ಒಳಗಿಂದ ಒಂದು ಚಾಕು ತನ್ನಿ. ಇದನ್ನ ಕುಯ್ದುಬಿಡಿ."

ಅವಳಿಗೆ ಕೂಡಲೇ ಅರ್ಥವಾಯಿತು. ಅವರ ಅಡುಗೆಮನೆಯ ಚಾಕು ತಂದು, ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತಾಗ, ಹಿಡಿಯ ಪಕ್ಕದ ಅಂಚನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದಳು; ಮೇಲೆ, ಕೆಳಗೆ ಅಡ್ಡ ಸೀಳಿದಳು. ನಾನು ಮೆಟ್ಟಿಲು ಹತ್ತಿ, ಹಿಂದು ಹಿಂದಕ್ಕೆ ನಡೆದು, ನಿಜವಾದ ಹೊಸ್ತಿಲ ಮೇಲೆ ನಿಂತೆ. ಮುದುಕಿ ಹಿಡಿ ಹಿಡಿದೇ ಹಿಂಬಾಲಿಸಿದರು. ಒಳಗಿನಿಂದ ರಟ್ಟನ್ನು ಮೆಲ್ಲಗೆ ಅವರತ್ತ ತಳ್ಳಿದೆ. ಅದು ತೆರೆದುಕೊಂಡಿತು. ನಾವಿಬ್ಬರೂ ಮುಖಾಮುಖಿಯಾದೆವು. ಬೆವರಿನಿಂದ ನನ್ನ ಮುಖಕ್ಕೆ ಕಾಫಿ ಬಣ್ಣ ಇಳಿದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದಳು.

"ಬನ್ನಿ" ಅಂದೆ. ಅದು ಕನ್ನಡದಲ್ಲೇ ಬಾಯಿಗೆ ಬಂತು.

ಅವರು ಹಿಡಿ ಬಿಟ್ಟರು. ಗಾಯದ ಕಾಲನ್ನು ಕಾಲೊರಸಿಗೆ ಎರಡು ಸಲ ಒರೆಸಿಕೊಂಡು, ನಾನು ಪಕ್ಕಕ್ಕೆ ಸರಿದ ಜಾಗದಲ್ಲಿ ಒಳಗೆ ಹೋದರು.

ಮೂಲೆ ಮನೆಯ ವಿಳಾಸವನ್ನು ಮತ್ತೆ ಫೋನ್ ಮಾಡಿ ತಿಳಿಸಿದ ಮೇಲೆ ಪೊಲೀಸರು ಬಂದು ವಿಚಾರಿಸಿ ಹೋದರು. ಡಾಕ್ಟರು ಗಾಯ ತೊಳೆದು ಕಟ್ಟಿದಳು. ಮುದುಕ ಟೀ ಮಾಡಿದರು, ಸಕ್ಕರೆ ಹಾಕಿದ್ದು ಮರೆತು ಮತ್ತೆ ಹಾಕಿದರು, ನಾವು ಕುಡಿದೆವು. ಮುದುಕಿ ಕುರ್ಚಿಯಲ್ಲಿ ಕೂತು ಗಂಡನ ತೋಳನ್ನು ಅದೇ ಸೌಟು ಹಿಡಿದಂತೆ ಹಿಡಿದುಕೊಂಡಿದ್ದರು. ಹೊರಡುವಾಗ ಹರಿದ ರಟ್ಟನ್ನು ಅಲ್ಲೇ ಬಿಟ್ಟು ಬಂದೆ. ಶಿಕ್ಷಕಿಯ ಮನೆಯ ಗೇಟಿಗೆ ಹೋಗಿ, ನಡೆದದ್ದನ್ನು ಹೇಳಿ, ವೇಷವಿಲ್ಲದೆ ಬಂದಿದ್ದಕ್ಕೆ ಕ್ಷಮೆ ಕೇಳಿದೆವು. ಅವರು ನಮ್ಮನ್ನು ಎಳೆದುಕೊಂಡು ಒಳಗೆ ಹೋಗಿ ಎರಡು ತಟ್ಟೆ ತುಂಬಿಸಿ ಕೊಟ್ಟರು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ವಾಪಸು ಬರುವಾಗ ಬೇಲಿಯ ಮೇಲೆ ಬಿಟ್ಟಿದ್ದ ಹೊದಿಕೆಯನ್ನು ಡಾಕ್ಟರು ತೆಗೆದುಕೊಂಡು ಮಡಿಸತೊಡಗಿದಳು. ನಾನು ಇನ್ನೊಂದು ತುದಿ ಹಿಡಿದೆ. ಮಡಿಸುತ್ತಾ ಹತ್ತಿರ ಬಂದಾಗ ಹೇಳಿದೆ.

"ಪರ್ತ್ ಕೆಲ್ಸ ಆಯ್ತು. ನಿನ್ನೆ ಫೋನ್ ಬಂತು. ಜನವರಿಗೆ ಹೋಗ್ತೀನಿ."

ಅವಳು ಅಂಚಿಗೆ ಅಂಚು ಸರಿಯಾಗಿ ಕೂಡಿಸಿದಳು. "ಅಂಟು ತಳಾ ಹಿಡೀತು ಅಂದ್ರಲ್ಲ, ಆವಾಗ ಗೊತ್ತಾತು. ನೀವು ಅಡಗೀ ಒಳಗ ಏನೂ ಹೊತ್ತಸೋರಲ್ಲ."

"ಮತ್ತೆ ಕೇಳ್ಬೇಕಿತ್ತು."

"ನೀವಾಗೇ ಹೇಳ್ತೀರಿ ಅಂತ ಸುಮ್ನಿದ್ದೆ." ಸ್ವಲ್ಪ ದೂರ ನಡೆದ ಮೇಲೆ ನಿಂತು ನನ್ನ ಕಡೆ ತಿರುಗಿದಳು. "ಸಿಟ್ಟು ಬಂದದರಿ ನನಗ. ಇವತ್ತ ಅಲ್ಲ, ನಾಳೆ ಜಗಳಾ ಮಾಡ್ತೀನಿ. ಇವತ್ತ ಕಾಲು ಸೋತಾವ."

ಭಾನುವಾರ ಅವಳು ಜಗಳ ಮಾಡಿದಳು. ನಾನು ಊರು ಬಿಟ್ಟು ಊರಿಗೆ ಓಡುವವಳು ಅಂದಳು, ಯಾವ ಊರಿನಲ್ಲೂ ಒಂದು ಗಿಡ ಕಾಯಿ ಬಿಡುವವರೆಗೆ ಇದ್ದಿಲ್ಲ ಅಂದಳು. ಸುಳ್ಳೇನೂ ಆಗಿರಲಿಲ್ಲ. ನನಗೂ ಕೋಪ ಬಂತು. ಒಂದೇ ಕಡೆ ಬೇರು ಬಿಟ್ಟು ಇರುವುದು ಎಲ್ಲರಿಗೂ ಆಗುವುದಿಲ್ಲ ಅಂದೆ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅರ್ಧ ದಿನ ಕಳೆದೆವು. ಆಮೇಲೆ ಅವಳೇ ಎದ್ದು ಟೊಮೆಟೊ ಸಸಿಗೆ ನೀರು ಹಾಕಿ ಬಂದು, ಪರ್ತ್‌ಗೆ ವಿಮಾನದಲ್ಲಿ ಎಷ್ಟು ಗಂಟೆಯ ದಾರಿ ಎಂದು ಕೇಳಿದಳು.

ಅಷ್ಟರಲ್ಲಿ ಹೊರಗೆ ಒಂದು ಕಾರು ನಿಂತಿತು. ಮೂಲೆಯ ಮನೆಯ ಮುದುಕ ಇಳಿದು ಬಂದರು. ಒಂದು ಚೀಲದ ತುಂಬ ನಿಂಬೆಹಣ್ಣು, ಅದರ ಮೇಲೆ ತಂತಿ ಬಿಚ್ಚಿ ತೊಳೆದ ನಮ್ಮ ಸೌಟು. ಮುಂಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿದೆ, ಮಗಳು ಮುಂದಿನ ವಾರ ಬಂದು ಕೆಲವು ದಿನ ಇರುತ್ತಾಳೆ ಎಂದು ಹೇಳಿದರು. ಡಾಕ್ಟರು ಗಾಯದ ಪಟ್ಟಿ ಯಾವಾಗ ಬದಲಿಸಬೇಕೆಂದು ಅವರಿಗೆ ವಿವರಿಸುತ್ತಾ ನಿಂತಳು.

ನಾನು ಕಾರಿನ ಹತ್ತಿರ ಹೋದೆ. ಮುದುಕಿ ಕೂದಲು ಬಾಚಿ, ಹೂವಿನ ಅಂಗಿ ತೊಟ್ಟು ಒಳಗೆ ಕೂತಿದ್ದರು. ನನ್ನನ್ನು ನೋಡಿದರು. ಗುರುತು ಹತ್ತಲಿಲ್ಲ. ಆದರೆ ಬಹಳ ಮರ್ಯಾದಸ್ಥರು, ಕಿಟಕಿಯ ಗಾಜು ಇಳಿಸಿ, "ಈ ಬೀದಿಗೆ ಹೊಸಬಳಾ ನೀನು?" ಎಂದು ಕೇಳಿದರು.

"ಹೌದು" ಅಂದೆ.

"ಒಳ್ಳೆಯ ಬೀದಿ" ಅಂದರು. "ನಿನಗೆ ಇಲ್ಲಿ ಹಿಡಿಸುತ್ತದೆ, ನೋಡು."

ಅವರ ಗಂಡ ಬಂದು ಕಾರು ಚಾಲೂ ಮಾಡಿದರು. ಅವರು ನನಗೆ ಕೈ ಬೀಸುತ್ತಲೇ ಇದ್ದರು. ನಾನೂ ಕಾರು ತಿರುಗುವವರೆಗೆ ಕೈ ಬೀಸಿ, ನಿಂಬೆಹಣ್ಣಿನ ಚೀಲ ಎತ್ತಿಕೊಂಡು ಒಳಗೆ ಬಂದೆ. ಇಷ್ಟೊಂದನ್ನು ಉಪ್ಪಿನಕಾಯಿ ಹಾಕದೆ ಬೇರೆ ದಾರಿಯಿಲ್ಲ, ಅದು ಕಳಿಯಲು ಒಂದು ತಿಂಗಳಾದರೂ ಬೇಕು ಎಂದು ಡಾಕ್ಟರು ಆಗಲೇ ಜಾಡಿ ಹುಡುಕುತ್ತಿದ್ದಳು.